ದೋಣಿಗೆ ಅರಗಿನ ಪಾಲಿಶ್

"ಆ ಬಟ್ಟೆ ಉಂಡೆ ಕೆಳಗಿಡು ಅಣ್ಣ. ಇಡ್ತೀಯೋ, ಇಲ್ಲ ನಾನೇ ಕಿತ್ಕೊಂಡು ಕೆರೆಗೆ ಬಿಸಾಕ್ಲೋ?"

"ಮುಟ್ಟು ನೋಡಾಣ. ಮುಟ್ಟಿದ ಕೈ ವಾಪಸ್ ಹೋಗಲ್ಲ."

ಸೀನು ಮುಟ್ಟಲಿಲ್ಲ. ಕೈಯಲ್ಲಿದ್ದ ಟಾರಿನ ಡಬ್ಬವನ್ನು ಮಾತ್ರ ದೊಪ್ಪನೆ ನೆಲಕ್ಕೆ ಕುಕ್ಕಿದ. ಅಣ್ಣ ಸಂಜೀವಯ್ಯ ತಲೆ ಎತ್ತಲಿಲ್ಲ. ಹಿತ್ತಲಿನಲ್ಲಿ ಎರಡು ದಿಮ್ಮಿಗಳ ಮೇಲೆ ಬೋರಲು ಮಲಗಿಸಿದ್ದ ದೋಣಿಯ ಪಕ್ಕೆಯ ಮೇಲೆ ಅವನ ಕೈ ಸುತ್ತುತ್ತಲೇ ಇತ್ತು. ಹತ್ತಿ ತುಂಬಿದ ಬಟ್ಟೆಯ ಉಂಡೆಯನ್ನು ಅರಗು ಕರಗಿಸಿದ ಸ್ಪಿರಿಟ್ಟಿಗೆ ಅದ್ದುವುದು, ಹಿಂಡುವುದು, ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕುವುದು. ತಿಕ್ಕಿದಲ್ಲೆಲ್ಲ ಹೊನ್ನೆ ಮರದ ಎಳೆಗಳು ಜೇನಿನ ಬಣ್ಣಕ್ಕೆ ತಿರುಗಿ ಎದ್ದು ಬರುತ್ತಿದ್ದವು.

"ನಾಳೆ ಬೆಳಿಗ್ಗೆ ಚೇರ್ಮನ್ ಬರ್ತಾರೆ. ನಾಳೆ! ರಾತ್ರಿಯೆಲ್ಲ ನೀರಲ್ಲಿ ನೆನೆದ್ರೇನೇ ಹಲಗೆ ಉಬ್ಬಿ ಸಂದು ಮುಚ್ಕೊಳ್ಳೋದು ಅಂದೋನು ನೀನೇ. ಇವತ್ತು ಸಂಜೆ ಇದು ಕೆರೆಗೆ ಬೀಳ್ಬೇಕು. ಅಡಿಗೆ ಟಾರು ಬಳಿಯೋದು ಯಾವಾಗ, ಒಣಗೋದು ಯಾವಾಗ?"

"ಅರಗು ಗಳಿಗೇಲಿ ಒಣಗುತ್ತೆ. ನಿನ್ನ ಟಾರು ಮೂರು ದಿನವಾದ್ರೂ ಕೈಗಂಟುತ್ತೆ."

"ಅಂಟ್ಕೊಳ್ಲಿ ಬಿಡು. ಅಡೀಲಿರೋದನ್ನ ಯಾರು ನೋಡ್ತಾರೆ? ಮೀನು ನೋಡುತ್ತಾ?"

"ಮೀನು ನೋಡಲ್ಲ ಕಣೋ. ನಾನು ನೋಡ್ತೀನಿ."

ಸೀನು ಹಣೆ ಚಚ್ಚಿಕೊಂಡ. ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ಅಮ್ಮಣ್ಣಿ ಒದ್ದೆ ಬಟ್ಟೆಗಳ ಬಕೆಟ್ಟು ಹಿಡಿದುಕೊಂಡು, ಹೊರಗೆ ಬರಲೋ ಒಳಗೆ ಹೋಗಲೋ ಗೊತ್ತಾಗದೆ ನಿಂತಿದ್ದಳು.

ಜಯನಗರದಲ್ಲಿ ಸೀನು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ. ಜಾಗದ ಯಜಮಾನ ಅಲ್ಲಿ ಮಹಡಿ ಕಟ್ಟಿಸುತ್ತೇನೆಂದು ಬಿಡಿಸಿಕೊಂಡ ಮೇಲೆ ಗಂಡ ಹೆಂಡತಿ ಇಬ್ಬರೂ ಸಾರಕ್ಕಿಯ ಅಣ್ಣನ ಮನೆಯ ಹಿಂದಿನ ಕೋಣೆಗೆ ಬಂದರು. ಬಂದು ವರ್ಷವಾಗುತ್ತ ಬಂದಿತ್ತು. ಊಟಕ್ಕೆ ಕೂತಾಗ ಸೀನು ಎರಡನೇ ಸಲ ಸಾರು ಕೇಳುತ್ತಿರಲಿಲ್ಲ. ಸಾರಕ್ಕಿಯ ಹೊಲಗಳೆಲ್ಲ ಆಗ ಲೇಔಟ್ ಆಗುತ್ತಿದ್ದವು. ರಾಗಿ ಬೆಳೆಯುತ್ತಿದ್ದಲ್ಲಿ ಸೈಟಿನ ಕಲ್ಲುಗಳು, ಕಲ್ಲುಗಳ ನಡುವೆ ಹೊಸ ಟಾರು ರಸ್ತೆ. ಭಾನುವಾರವಾದರೆ ಸೈಟು ನೋಡಲು ಬಂದವರು, ಹೆಂಡತಿ ಮಕ್ಕಳ ಜೊತೆ ಕೆರೆ ಏರಿಯ ಮೇಲೆ ಗಾಳಿ ಕುಡಿಯುತ್ತ ಕೂರುವುದು ಸೀನುವಿನ ಕಣ್ಣಿಗೆ ಬಿತ್ತು. ಒಂದು ದೋಣಿ ಇದ್ದರೆ ಇವರನ್ನೆಲ್ಲ ಕೂರಿಸಿಕೊಂಡು ಕೆರೆಯಲ್ಲಿ ಒಂದು ಸುತ್ತು ಹಾಕಬಹುದು. ಪರ್ಮಿಶನ್ನಿಗೆಂದು ಪಂಚಾಯಿತಿ ಚೇರ್ಮನ್ ಶಂಭುಲಿಂಗಪ್ಪನವರ ಹಿಂದೆ ತಿಂಗಳುಗಟ್ಟಲೆ ಅಲೆದ. ಅವರು ಹೂಂ ಅಂದರು. ಆದರೆ ಬೇಗೂರಿನ ಕಡೆಯಿಂದ ಉಗ್ರಪ್ಪ ಎಂಬ ಮೀನಿನ ಗುತ್ತಿಗೆದಾರನೂ ಒಂದು ಹಳೇ ದೋಣಿ ತಂದು ಅದೇ ಕೇಳಿದ. ಕೆರೆ ಒಂದೇ, ಪರ್ಮಿಶನ್ ಒಂದೇ. ಭಾನುವಾರ ಬಂದು ಎರಡೂ ನೋಡಿ ಹೇಳುತ್ತೇನೆ ಎಂದಿದ್ದರು ಚೇರ್ಮನ್.

ಉಳಿದಿದ್ದ ಸೈಕಲ್ಲುಗಳನ್ನೆಲ್ಲ ಮಾರಿ ಸೀನು ಮರ ತಂದಿದ್ದ. ಕೆಲಸ ಅಣ್ಣನದು. ಸಂಜೀವಯ್ಯ ಫ್ಯಾಕ್ಟರಿಯ ಪ್ಯಾಟ್ರನ್ ಶಾಪಿನಲ್ಲಿ ಇಪ್ಪತ್ತು ವರ್ಷದಿಂದ ಮರಗೆಲಸದವನು. ಯಂತ್ರದ ಯಾವ ಭಾಗವನ್ನು ಎರಕ ಹುಯ್ಯಬೇಕಾದರೂ ಮೊದಲು ಅದರ ಪ್ಯಾಟ್ರನ್ನನ್ನು, ಅಂದರೆ ಅಚ್ಚನ್ನು, ಮರದಲ್ಲಿ ಮಾಡಬೇಕು. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ, ಮೇಲಕ್ಕೆತ್ತಿ, ಉಳಿದ ಗುಂಡಿಗೆ ಕಾದ ಕಬ್ಬಿಣ ಹುಯ್ಯುತ್ತಾರೆ. ಮರ ಎಲ್ಲಿಯಾದರೂ ಒಂದು ಕೂದಲಿನಷ್ಟು ಒರಟಾಗಿದ್ದರೆ ಮರಳು ಅಲ್ಲಿ ಕಚ್ಚಿಕೊಂಡು ಗುಂಡಿ ಕುಸಿಯುತ್ತದೆ. ಅದಕ್ಕೇ ಅರಗಿನ ಪಾಲಿಶ್. ಉಪ್ಪು ಕಾಗದದಲ್ಲಿ ಉಜ್ಜಿ, ಅರಗು ತಿಕ್ಕಿ, ಮತ್ತೆ ಉಜ್ಜಿ, ಮತ್ತೆ ತಿಕ್ಕಿ, ಕನ್ನಡಿಯಂತಾದ ಮೇಲೆಯೇ ಫೋರ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದು. ಅರಗು ಬಳಿಯದ ಮರ ಸಂಜೀವಯ್ಯನ ಕಣ್ಣಿಗೆ ಬಟ್ಟೆ ಹಾಕದ ಮಗುವಿನ ಹಾಗೆ.

"ಒದ್ದೆ ಮರಳಲ್ಲಿ ಕೂತು ಒಂದು ಕಣ ಅಂಟಿಸ್ಕೊಳ್ದೆ ಎದ್ದು ಬರುತ್ತೆ," ಎಂದ ಈಗ, ಉಂಡೆಯನ್ನು ಹಿಂಡುತ್ತ. "ಅಂಥಾ ಅರಗಿಗೆ ನೀರು ಏನು ಮಾಡುತ್ತೆ? ಟಾರು ಅಂತೆ ಟಾರು. ರೋಡಿಗೆ ಬಳಿಯೋದನ್ನ ತಂದು ಹೊನ್ನೆಗೆ ಬಳಿ ಅಂತಾನೆ."

"ರೋಡ್ ಹಾಕೋರು ಒಂದು ಕಟ್ಟು ಬೀಡಿಗೆ ಕೊಟ್ರು ಇದನ್ನ. ನಿನ್ನ ಸ್ಪಿರಿಟ್ಟಿಗೆ, ಅರಗಿಗೆ, ಆ ಕಾಗದಕ್ಕೆ ಸುರಿದ ದುಡ್ಡಲ್ಲಿ ಇನ್ನೊಂದು ಜೊತೆ ಹುಟ್ಟು ಬರ್ತಿತ್ತು. ಎರಡು ತಿಂಗಳ ಹಿಂದೇನೇ ನೀರಿಗೆ ಬಿಟ್ಟಿದ್ರೆ ಉಗ್ರಪ್ಪ ಅನ್ನೋನು ಈ ಕಡೆ ತಲೇನೇ ಹಾಕ್ತಿರ್ಲಿಲ್ಲ. ಉಜ್ಜಿದ್ದೇ ಉಜ್ಜಿದ್ದು, ಉಜ್ಜಿದ್ದೇ ಉಜ್ಜಿದ್ದು. ಮರ ನಂದಣ್ಣ."

"ಕೈ ನಂದು."

"ಆ ಕೈ ಇಲ್ದಿದ್ರೆ ಇಷ್ಟೊತ್ತಿಗೆ ನಾಲ್ಕು ಕಾಸು ಕಂಡಿರ್ತಿದ್ದೆ."

ಸಂಜೀವಯ್ಯ ಈಗ ತಲೆ ಎತ್ತಿದ. "ಕಾಣ್ತಿದ್ದೆ, ಕಾಣ್ತಿದ್ದೆ. ನಿನ್ನ ಸೈಕಲ್ಲುಗಳ ಬ್ರೇಕು ನೋಡಿಲ್ವಾ ನಾನು? ದಾರದಲ್ಲಿ ಕಟ್ಟಿ ಬಾಡಿಗೆಗೆ ಬಿಡ್ತಿದ್ದೆ. ನಡೆಯುತ್ತೆ ಬಿಡು, ನಡೆಯುತ್ತೆ ಬಿಡು ಅನ್ಕೊಂಡೇ ಅಂಗಡಿ ನಡೆದುಹೋಯ್ತು."

ಅಮ್ಮಣ್ಣಿ ಬಕೆಟ್ಟನ್ನು ಕೆಳಗಿಟ್ಟಳು. ಸೀನುವಿನ ಮುಖ ಬಿಳುಚಿಕೊಂಡಿತು. ಅಷ್ಟರಲ್ಲಿ ಸಂಜೀವಯ್ಯನ ಹೆಂಡತಿ ರುದ್ರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ರೀ ಇದು, ಬೀದೀಗೆಲ್ಲ ಕೇಳಿಸೋ ಹಂಗೆ? ಈ ಮನೆ ಬಾಗಿಲಿಗೆ ಬಣ್ಣ ಹೊಡೆಸಿ ಅಂತ ಮದುವೆಯಾಗಿ ಬಂದಾಗಿಂದ ಬಾಯಿ ಬಡ್ಕೋತಿದೀನಿ. ಬಾಗಿಲಿಗಿಲ್ದಿದ್ದು ದೋಣಿಗೆ ಬಂತು. ಒಳ್ಳೆ ಮನೆದೇವ್ರು ಕಣ್ರೀ ಇದು!" ಎಂದು ದೋಣಿಗೆ ಸೌಟಿನಲ್ಲೇ ಕೈ ಮುಗಿದಳು. ಯಾರೂ ನಗಲಿಲ್ಲ. ಅವಳು ದನಿ ಇಳಿಸಿದಳು. "ನೋಡಿ, ಕಣ್ಣಿಗೆ ಕಾಣೋ ಕಡೆಯೆಲ್ಲ ನಿಮ್ಮ ಪಾಲಿಶ್ ಇರ್ಲಿ. ಕಾಣದ ಅಡಿಗೆ ಅವನ ಟಾರು ಬಳೀರಿ. ಡಬ್ಬ ನೀರೊಲೆ ಮೇಲಿಟ್ಟು ಕಾಯಿಸ್ಕೊಡ್ತೀನಿ. ಆಯ್ತಲ್ಲ? ಅವನೂ ಬದುಕ್ಬೇಕಲ್ರೀ."

ಸಂಜೀವಯ್ಯ ದೋಣಿಯ ಅಡಿಯ ಮೇಲೆ ಒಮ್ಮೆ ಕೈಯಾಡಿಸಿದ.

"ಹೂಂ," ಎಂದ.

"ಬಾಯಿ ಬಿಟ್ಟು ಹೇಳು," ಎಂದ ಸೀನು.

"ಬಳೀತೀನಿ ಅಂದ್ನಲ್ಲ. ಹೋಗು, ಹುಟ್ಟು ಇಸ್ಕೊಂಡು ಬಾ."

ಹುಟ್ಟುಗಳನ್ನು ಕಡೆಯಲು ಕೊಟ್ಟಿದ್ದ ಸಾಮಿಲ್ಲು ದೂರವಿತ್ತು. ಸೀನು ಹೊರಟ. ಬೇಲಿಯ ಹತ್ತಿರ ಹೋದವನು ತಿರುಗಿ ನಿಂತು ಹೇಳಿದ: "ಅಣ್ಣ, ಇದೊಂದು ಕೈಗೆ ಹತ್ತಿದ್ರೆ ಬೇರೆ ಮನೆ ಮಾಡ್ತೀನಿ. ಇದೇ ಬೀದೀಲೇ. ಹತ್ತಲಿಲ್ವೋ, ಇನ್ನು ನಿನ್ನ ಅನ್ನ ತಿನ್ಕೊಂಡು ನಾನಿಲ್ಲಿರಲ್ಲ. ಕನಕಪುರದಲ್ಲಿ ಇವಳಣ್ಣ ರೇಷ್ಮೆ ಬಿಚ್ಚೋ ಕೆಲಸಕ್ಕೆ ಕರೀತಾನೇ ಇದಾನೆ."

"ಯಾರಪ್ಪ ನಿನಗೆ ಅನ್ನದ ಲೆಕ್ಕ ಹೇಳಿದ್ದು?" ಎಂದು ಸಂಜೀವಯ್ಯ ಗದರಿದ. ತಮ್ಮ ಆಗಲೇ ಸೈಟಿನ ಕಲ್ಲುಗಳನ್ನು ದಾಟಿ ಹೋಗುತ್ತಿದ್ದ.

ರುದ್ರಮ್ಮ ಟಾರು ಕಾಯಿಸಿ ತಂದಿಟ್ಟಳು. ಸಂಜೀವಯ್ಯ ಹಳೇ ಬ್ರಷ್ಷು ಹುಡುಕಿ ತಂದು, ಮುಚ್ಚಳ ಎಬ್ಬಿಸಿದ. ರಸ್ತೆಯ ವಾಸನೆ ಹಿತ್ತಲೆಲ್ಲ ಹಬ್ಬಿತು. ಬ್ರಷ್ಷನ್ನು ಅದ್ದಿ ಮೇಲೆತ್ತಿದಾಗ ಅದರ ತುದಿಯಿಂದ ಒಂದು ಕರಿ ಹನಿ ಜೋತು, ಪಾಲಿಶ್ ಆಗಿದ್ದ ಪಕ್ಕೆಯ ಮೇಲೆ ಬಿದ್ದು, ಕೆಳಕ್ಕೆ ಉದ್ದಕ್ಕೆ ಜಾರಿತು. ಅವನು "ಅಯ್ಯೋ" ಎಂದು ಕೂಗಿಕೊಂಡ. ಬ್ರಷ್ಷು ಬಿಸಾಡಿ, ಸ್ಪಿರಿಟ್ಟು ಸುರಿದುಕೊಂಡು ಒರೆಸಿದ. ಒರೆಸಿದಷ್ಟೂ ಹರಡಿತು. ಅಂಗೈ ಅಗಲ ಜಾಗವನ್ನು ಗಾಜಿನ ಚೂರಿನಿಂದ ಹೆರೆದು, ಉಜ್ಜಿ, ಮತ್ತೆ ಅರಗು ಹಿಡಿಸುವಷ್ಟರಲ್ಲಿ ಬೆವರಿಳಿದು ಹೋಗಿತ್ತು. ಆ ಮೇಲೆ ಅಡಿಯನ್ನು ನೋಡಿದ. ಎಷ್ಟು ವಾರ ತೋಪಡಾ ಹಿಡಿದು ಕೀಸಿ ಕೀಸಿ ನುಣುಪು ಮಾಡಿದ ಅಡಿ. ಕೈಯಾಡಿಸಿದರೆ ಯಾವ ಹಲಗೆ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತಿರಲಿಲ್ಲ. ಟಾರಿನ ಡಬ್ಬಕ್ಕೆ ಮುಚ್ಚಳ ಒತ್ತಿ, ಬಚ್ಚಲ ಹಿಂದಕ್ಕೆ ಒಯ್ದು ಇಟ್ಟ. ಬಂದು ಬಟ್ಟೆಯ ಉಂಡೆಯನ್ನು ಎತ್ತಿಕೊಂಡ.

ಅಡುಗೆ ಮನೆಯ ಕಿಟಕಿಯಿಂದ ರುದ್ರಮ್ಮ ಕಂಡಳು. "ಏನ್ರೀ, ಒಪ್ಕೊಂಡ್ರಲ್ರೀ."

"ನೀನು ನಿನ್ನ ಸಾರು ನೋಡ್ಕೊ."

ಹುಟ್ಟುಗಳನ್ನು ಹೆಗಲ ಮೇಲೆ ಹೊತ್ತು ಸೀನು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ದೋಣಿ ಅಡಿಯಿಂದ ಅಂಚಿನವರೆಗೆ ಒಂದೇ ಬಣ್ಣವಾಗಿ ಹೊಳೆಯುತ್ತಿತ್ತು. ಅವನು ಹುಟ್ಟುಗಳನ್ನು ಇಳಿಸದೆ ಅದರ ಸುತ್ತ ಒಂದು ಸುತ್ತು ಬಂದ. ಜಗಳ ಶುರುವಾಗುತ್ತದೆಂದು ಅಮ್ಮಣ್ಣಿ ಸೆರಗು ಬಾಯಿಗೊತ್ತಿಕೊಂಡಳು. ಆದರೆ ಸೀನು ಕೂಗಲಿಲ್ಲ.

"ಹೊತ್ತಿಲ್ಲ. ಎತ್ತು," ಎಂದ, ಅಷ್ಟೇ.

ಅಣ್ಣ ತಮ್ಮ ಇಬ್ಬರೂ, ಬೀದಿಯ ಮೂರು ನಾಲ್ಕು ಜನರನ್ನು ಕೂಡಿಸಿಕೊಂಡು ದೋಣಿಯನ್ನು ಹೊತ್ತು ಕೆರೆಗಿಳಿಸಿದರು. ಅದು ನೀರಿನ ಮೇಲೆ ಒಂದು ಸಲ ತೂಗಿ ನಿಂತಿತು. ಸಂಜೆಯ ಬೆಳಕಿನಲ್ಲಿ ಅದರ ನೆರಳೂ ಹೊಳೆಯಿತು. "ಸಖತ್ತಾಗೈತೆ ಸಂಜೀವಣ್ಣ, ಮದುವಣಗಿತ್ತಿ ಇದ್ದಂಗೈತೆ," ಎಂದರು ಯಾರೋ. ಸೀನು ಕೂಡ ನೋಡುತ್ತ ನಿಂತುಬಿಟ್ಟ. ತೂಬಿನ ಕಲ್ಲಿಗೆ ಹಗ್ಗ ಕಟ್ಟಿ, ಹಲಗೆ ನೆನೆಯಲೆಂದು ಒಳಕ್ಕೂ ಒಂದಿಷ್ಟು ನೀರು ಸುರಿದು ಬರುವಾಗ, ದಾರಿಯಲ್ಲಿ ಅಣ್ಣನಿಗೆ ಒಂದು ಬೀಡಿ ಕೊಟ್ಟ. ಇಬ್ಬರೂ ಒಂದೇ ಕಡ್ಡಿಯಲ್ಲಿ ಹಚ್ಚಿಕೊಂಡರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆರೆಗೆ ಹೋದವನು ಸಂಜೀವಯ್ಯ. ಏರಿಯ ಮೇಲಿಂದ ನೋಡಿದಾಗ ದೋಣಿಯ ಮೇಲೆ ಮಂಜು ಕೂತಿದೆ ಅನ್ನಿಸಿತು. ಇಳಿದು ಹತ್ತಿರ ಹೋದ. ಮಂಜಲ್ಲ. ನೀರು ಮುಟ್ಟಿದಷ್ಟೂ ಎತ್ತರಕ್ಕೆ ದೋಣಿ ಬೆಳ್ಳಗಾಗಿತ್ತು. ಹಾಲು ಚೆಲ್ಲಿ ಒಡೆದ ಹಾಗೆ ಬಿಳೀ ಮಚ್ಚೆ, ಮಚ್ಚೆಗೆ ಮಚ್ಚೆ ಕೂಡಿಕೊಂಡು ಪಟ್ಟೆ. ಒಳಗೆ ನೀರು ನಿಂತಿದ್ದಲ್ಲಿಯೂ ಅದೇ. ಅವನು ಲುಂಗಿಯ ತುದಿಯಿಂದ ಒರೆಸಿದ. ಅರಗು ಮೆತ್ತಗಾಗಿ ಹಸಿ ಹಿಟ್ಟಿನಂತೆ ಬೆರಳಿಗೆ ಬಂತು. ಪ್ಯಾಟ್ರನ್ನು ಒದ್ದೆ ಮರಳಿನಲ್ಲಿ ಕೂರುವುದು ಎಷ್ಟು ಹೊತ್ತು? ಒತ್ತಿ, ಬಡಿದು, ಎತ್ತುವವರೆಗೆ. ಇಡೀ ರಾತ್ರಿ ಯಾವ ಪ್ಯಾಟ್ರನ್ನೂ ಎಲ್ಲಿಯೂ ಕೂತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದನ್ನು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಮೊಣಕಾಲು ನೀರಿನಲ್ಲಿ ನಿಂತು ಅವನು ಇನ್ನೂ ಒರೆಸುತ್ತಿರುವಾಗಲೇ ಸೀನು ಬಂದ. ಇಸ್ತ್ರಿ ಮಾಡಿದ ಷರಟು ಹಾಕಿದ್ದ. ಹಿಂದೆ ಅಮ್ಮಣ್ಣಿ, ತಟ್ಟೆಯಲ್ಲಿ ಅರಿಶಿನ ಕುಂಕುಮ ಹೂವು ಹಿಡಿದಿದ್ದಳು. ರುದ್ರಮ್ಮನ ಕೈಯಲ್ಲಿ ತೆಂಗಿನಕಾಯಿ.

"ಏನಣ್ಣ ಇದು?"

"ನೀರು ಕುಡಿದಿದೆ. ಮೇಲ್ಗಡೆ ಮಾತ್ರ. ಮರಕ್ಕೇನೂ ಆಗಿಲ್ಲ ಕಣೋ. ನಾವು ಸುರಿದಿದ್ದು ಬಿಟ್ರೆ ಒಂದು ಹನಿ ಒಳಗೆ ಬಂದಿಲ್ಲ, ನೋಡು ಬೇಕಾದ್ರೆ."

"ಏನಿದು ಅಂದೆ."

ಸಂಜೀವಯ್ಯ ಉತ್ತರಿಸುವ ಮೊದಲೇ ಏರಿಯ ಮೇಲೆ ಜೀಪು ಬಂದು ನಿಂತಿತು. ಚೇರ್ಮನ್ ಶಂಭುಲಿಂಗಪ್ಪ ಇಳಿದರು. ಅವರ ಹಿಂದೆ ಹೆಂಡತಿ ನಾಗಲಕ್ಷ್ಮಮ್ಮ, ಬಿಳಿ ಅಂಚಿನ ನೀಲಿ ರೇಷ್ಮೆ ಸೀರೆಯಲ್ಲಿ. "ನಮ್ಮನೆಯೋರು ಕೂತ್ರೆ ಲೇಔಟ್ ಹೆಂಗಸರೆಲ್ಲ ಕೂರ್ತಾರೆ. ಅದಕ್ಕೇ ಕರ್ಕೊಂಡ್ಬಂದೆ," ಎಂದರು ಚೇರ್ಮನ್ ನಗುತ್ತ. ಆಚೆ ದಡದಿಂದ ಉಗ್ರಪ್ಪ ತನ್ನ ದೋಣಿಯನ್ನು ತಳ್ಳಿಕೊಂಡು ಬಂದ. ಅದು ವಕ್ರವಾಗಿ, ಉಬ್ಬು ತಗ್ಗಾಗಿ, ಎಮ್ಮೆಯ ಹಾಗೆ ಕರ್ರಗಿತ್ತು. ಒಳಗೆ ಒಂದು ಜಮಖಾನ ಹಾಸಿದ್ದ.

"ಏನ್ ಸೀನಪ್ಪ, ನಿನ್ನ ಹಡಗಿಗೆ ಸಿಡುಬು ಎದ್ದಿರೋ ಹಂಗಿದೆಯಲ್ಲ," ಎಂದ ಉಗ್ರಪ್ಪ. "ಊರಿಗೆಲ್ಲ ಹಬ್ಬೀತು ಕಣಪ್ಪ, ದೂರ ಕಟ್ಟು."

"ಬಾಯಿ ಮುಚ್ಕೊಂಡಿರೋ!" ಎಂದು ಸಂಜೀವಯ್ಯ ನೀರಿನಿಂದಲೇ ಕೂಗಿದ. "ಇದರ ಒಂದು ಹಲಗೆಗೆ ಸಮ ಇಲ್ಲ ನಿನ್ನದು. ಸಾರ್, ಇದು ಹೊನ್ನೆ. ಹೊಡೀರಿ ಬೇಕಾದ್ರೆ, ಗಂಟೆ ಹಂಗೆ ಶಬ್ದ ಬರುತ್ತೆ. ಇದು ಬರೀ ಅರಗು ಸಾರ್, ಬಿಳಿ ಬಂದಿರೋದು ಮೇಲ್ಮೇಲೆ. ನಮ್ಮ ಫ್ಯಾಕ್ಟರೀಲಿ..."

"ಅಣ್ಣ, ಸುಮ್ನಿರು," ಎಂದ ಸೀನು.

ಅವನು ದೋಣಿ ಹತ್ತಿ, ಒಳಗಿನ ನೀರು ಎತ್ತಿ ಚೆಲ್ಲಿ, ಹುಟ್ಟು ಹಾಕಿದ. ಕೆರೆಯ ನಡುವಿನವರೆಗೆ ಹೋಗಿ, ತಿರುಗಿಸಿ, ನೇರವಾಗಿ ಬಂದು ದಡಕ್ಕೆ ತಂದು ನಿಲ್ಲಿಸಿದ. ದೋಣಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಎದ್ದು ನಿಂತು ಎರಡು ಸಲ ನೆಗೆದು ತೋರಿಸಿದ. ದೋಣಿ ಅಲುಗಿ, ಮತ್ತೆ ತನ್ನಷ್ಟಕ್ಕೆ ನೆಟ್ಟಗೆ ನಿಂತಿತು. ಶಂಭುಲಿಂಗಪ್ಪ ತಲೆಯಾಡಿಸಿದರು. ಮೆಚ್ಚಿಕೆಯಾದಂತೆ ಕಂಡಿತು.

"ಬನ್ನಿ ಅಕ್ಕ," ಎಂದು ಸೀನು ಕೈ ನೀಡಿದ. "ಏನೂ ಹೆದರ್ಕೋಬೇಡಿ. ಒಂದೇ ಒಂದು ಸುತ್ತು."

ನಾಗಲಕ್ಷ್ಮಮ್ಮ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟರು. ದೋಣಿ ಬಾಗಿತು. ಬಿದ್ದೇನೆಂದು ಅವರು ಅಂಚಿನ ಕೆಳಗೆ ಕೈಯೂರಿ, ಹೊರಗಿನ ಪಕ್ಕೆಗೆ ಒರಗಿಕೊಂಡರು. ಮರುಕ್ಷಣ ಚೀರಿ ದಡಕ್ಕೆ ಹಿಂದೆ ಸರಿದರು. ಅಂಗೈಗೆ ಬಿಳಿಯ ಲೋಳೆ ಮೆತ್ತಿಕೊಂಡಿತ್ತು. ನೀಲಿ ರೇಷ್ಮೆಯ ಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಉದ್ದನೆಯ ಬಿಳೀ ಪಟ್ಟೆ.

"ಅಯ್ಯಯ್ಯಪ್ಪ! ಬೂಷ್ಟು! ಕೊಳೆತುಹೋಗಿದೆ ಕಣ್ರೀ ಇದು. ಮದುವೆ ಸೀರೆ ಕಣ್ರೀ! ನಾನಿದ್ರಲ್ಲಿ ಕೂರಲ್ಲಪ್ಪ, ಸತ್ರೂ ಕೂರಲ್ಲ."

"ಕೊಳೆತಿಲ್ಲ ತಾಯಿ, ಅರಗು. ಸ್ಪಿರಿಟ್ ಹಾಕಿ ಒರೆಸಿದ್ರೆ ಒಂದು ನಿಮಿಷದಲ್ಲಿ..." ಸಂಜೀವಯ್ಯ ಒದ್ದೆ ಲುಂಗಿಯಲ್ಲಿ ಅವರತ್ತ ನಡೆದ. ಅವರು ಇನ್ನಷ್ಟು ಹಿಂದೆ ಸರಿದರು. ರುದ್ರಮ್ಮ ಗಂಡನ ತೋಳು ಹಿಡಿದು ನಿಲ್ಲಿಸಿದಳು.

ಶಂಭುಲಿಂಗಪ್ಪ ಬಗ್ಗಿ ದೋಣಿಯ ಪಕ್ಕೆಯನ್ನು ಬೆರಳಿನಿಂದ ಕೆರೆದು ನೋಡಿದರು. ಬೆರಳನ್ನು ಹುಲ್ಲಿಗೆ ಒರೆಸಿಕೊಂಡರು.

"ಗಟ್ಟಿ ಇರಬಹುದು ಸಂಜೀವಯ್ಯ. ನೀನು ಮಾಡಿದ್ದಲ್ವಾ, ಇಲ್ಲ ಅನ್ನಲ್ಲ. ಆದ್ರೆ ಗಟ್ಟಿ ಇದೆ ಅಂತ ಭಾನುವಾರ ಬರೋ ಒಬ್ಬೊಬ್ಬರಿಗೂ ನೀನು ನಿಂತ್ಕೊಂಡು ಹೇಳೋಕಾಗುತ್ತಾ? ನಮ್ಮನೆಯವಳೇ ಹತ್ತಲಿಲ್ಲ." ಸೀನುವಿನ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡಪ್ಪ. ಈ ವರ್ಷ ಉಗ್ರಪ್ಪ ನಡೆಸ್ಲಿ."

ಉಗ್ರಪ್ಪನ ಜಮಖಾನದ ಮೇಲೆ ಕೂತು ನಾಗಲಕ್ಷ್ಮಮ್ಮ ಒಂದು ಸುತ್ತು ಹೋಗಿ ಬಂದರು. ಸೀನು ಅದನ್ನು ಪೂರ್ತಿ ನೋಡಿದ. ಜೀಪು ಹೋಗುವವರೆಗೂ ದೋಣಿಯಲ್ಲೇ ಕೂತಿದ್ದ. ಆ ಮೇಲೆ ಹುಟ್ಟುಗಳನ್ನು ಒಂದರ ಪಕ್ಕ ಒಂದು ಇಟ್ಟು ಇಳಿದು ಬಂದ.

"ಟಾರಿನ ಡಬ್ಬ ಏನಾಯ್ತು?"

"ಇದೆ. ಬಚ್ಚಲ ಹಿಂದೆ."

"ಮುಚ್ಚಳ ತೆಗೆದಿದ್ಯಾ?"

"ತೆಗೆದಿದ್ದೆ."

"ತೆಗೆದು?"

ಸಂಜೀವಯ್ಯ ಒದ್ದೆ ಲುಂಗಿಯ ತುದಿ ಹಿಂಡಿದ. ಆ ಮೇಲೆ ಅವನಿಗೇ ಸಿಟ್ಟು ಬಂತು. "ಈಗೇನಾಯ್ತೋ? ಎಲ್ಲಾ ಹೆರೆದು ಹಾಕ್ತೀನಿ. ನಾಳೆ ರಜ ಹಾಕ್ತೀನಿ. ವಾರದಲ್ಲಿ ನೀನು ಹೇಳಿದ್ದು ಬಳ್ದುಕೊಡ್ತೀನಿ, ಟಾರೋ, ಸಗಣಿಯೋ! ಬೇರೆ ಕೆರೆ ಇಲ್ವಾ ಈ ಲೋಕದಲ್ಲಿ? ಮುಂದಿನ ವರ್ಷ..."

ಸೀನು ಕೇಳಿಸಿಕೊಳ್ಳುತ್ತಿರಲಿಲ್ಲ. ಅಮ್ಮಣ್ಣಿಯ ಕೈಯಲ್ಲಿದ್ದ ತಟ್ಟೆಯನ್ನು ತೆಗೆದು ಅತ್ತಿಗೆಯ ಕೈಗೆ ಕೊಟ್ಟ. "ಬರ್ತೀವಿ ಅತ್ತಿಗೆ," ಎಂದ. ರುದ್ರಮ್ಮ "ಸೀನು, ತಿಂಡಿ ತಿಂದ್ಕೊಂಡು..." ಎಂದಳು. ಗಂಡ ಹೆಂಡತಿ ಇಬ್ಬರೂ ಏರಿ ಹತ್ತಿದರು. ಅಮ್ಮಣ್ಣಿ ಮಾತ್ರ ಒಂದು ಸಲ ತಿರುಗಿ ನೋಡಿದಳು.

"ಹೋಗ್ಲಿ ಬಿಡು. ಹೊಟ್ಟೆ ಹಸಿದ್ರೆ ಬರ್ತಾನೆ," ಎಂದ ಸಂಜೀವಯ್ಯ. ಹೆಂಡತಿ ಅವನ ಮುಖವನ್ನೇ ನೋಡಿದಳು. ಅವರ ಹಿಂದೆಯೇ ಬಿರಬಿರನೆ ಹೋದಳು.

ಅವನೊಬ್ಬನೇ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ದೋಣಿಯನ್ನು ಎಳೆದ. ಅರ್ಧ ದಡಕ್ಕೆ ಬಂತು. ಸನ್ನೆಗೋಲು ಹಾಕಿ ಎತ್ತಿ, ಮತ್ತೆ ಎಳೆದು, ಕೊನೆಗೆ ಪೂರ್ತಿ ಮೇಲೆ ತಂದು ಬೋರಲು ಹಾಕಿದ. ಹೆರೆಯುವುದಕ್ಕೆ ಗಾಜಿನ ಚೂರು ತರಬೇಕಿತ್ತು. ಹೋಗಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತ. ಬಿಸಿಲು ಏರಿತು. ಕೆರೆಯಲ್ಲಿ ಉಗ್ರಪ್ಪನ ದೋಣಿ ಜನರನ್ನು ತುಂಬಿಕೊಂಡು ಹೋಗುತ್ತಿತ್ತು, ಬರುತ್ತಿತ್ತು. ಮಕ್ಕಳ ಕೇಕೆ ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಅನುಮಾನ ಬಂತು. ಕಣ್ಣುಜ್ಜಿಕೊಂಡು ಹತ್ತಿರ ಹೋದ. ಅಡಿಮರದ ಉದ್ದಕ್ಕೆ, ಬಿಸಿಲು ನೇರವಾಗಿ ಬೀಳುವಲ್ಲಿ ಬಿಳುಪು ಇರಲಿಲ್ಲ. ಒರೆಸಿ ಕೆಡಿಸಿದ್ದ ಜಾಗ ಬಿಟ್ಟರೆ ಉಳಿದ ಕಡೆಯೆಲ್ಲ ಮಚ್ಚೆಗಳು ಅಂಚಿನಿಂದ ಒಳಕ್ಕೆ ಕರಗುತ್ತಿದ್ದವು, ಬಿಸಿ ಕಲ್ಲಿನ ಮೇಲೆ ಚೆಲ್ಲಿದ ನೀರು ಆರುವ ಹಾಗೆ. ಅವನು ನೋಡುತ್ತಿದ್ದಂತೆಯೇ ಹೊನ್ನೆಯ ಎಳೆಗಳು ಒಂದೊಂದಾಗಿ ಮತ್ತೆ ಮೇಲೆ ಬಂದವು. ಕೈಯಿಟ್ಟ. ಅರಗು ಗಟ್ಟಿಯಾಗಿತ್ತು.

"ಸೀನು!" ಎಂದು ಏರಿಯ ಕಡೆ ಕೂಗಿದ. "ಲೋ, ಬಾರೋ ಇಲ್ಲಿ! ಹೋಯ್ತು ಕಣೋ, ಬಂದು ನೋಡೋ!"

ಏರಿಯಿಂದ ಇಳಿದು ಬಂದವಳು ರುದ್ರಮ್ಮ. ಅವಳ ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. ಅದನ್ನು ಗಂಡನ ಮುಂದೆ ಇಟ್ಟಳು.

"ಕನಕಪುರದ ಬಸ್ಸಿಗೆ ಹೋದ್ರು," ಎಂದಳು. "ಟ್ರಂಕು, ಹಾಸಿಗೆ ಎಲ್ಲ ತಗೊಂಡು. ನಾನು ಕಾಲು ಹಿಡ್ಕೊಳ್ಳೋದೊಂದು ಬಾಕಿ ಇತ್ತು, ಕೇಳ್ಲಿಲ್ಲ."

"ನೋಡೇ," ಎಂದ ಸಂಜೀವಯ್ಯ, ದೋಣಿಯನ್ನು ತೋರಿಸುತ್ತ. "ಎಲ್ಲಾ ಹೋಗ್ಬಿಟ್ಟಿದೆ."

ರುದ್ರಮ್ಮ ದೋಣಿಯನ್ನು ನೋಡಲಿಲ್ಲ. ತಿರುಗಿ ಮನೆಗೆ ಹೋದಳು.

ಸಂಜೀವಯ್ಯ ಸಂಜೆಯವರೆಗೂ ಅಲ್ಲೇ ಇದ್ದ. ಬಸ್ಸು ಬಂದು ನಿಂತ ಸದ್ದಾದಾಗಲೆಲ್ಲ ಏರಿಯ ಕಡೆ ನೋಡಿದ. ಭಾನುವಾರದ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಮೇಯಲು ಬಿಟ್ಟಿದ್ದ ಯಾರದೋ ಹಸು ದಡದಲ್ಲೇ ನಡೆದು ಬಂದು, ದೋಣಿಯ ಹತ್ತಿರ ನಿಂತು, ಹೊಳೆಯುವ ಪಕ್ಕೆಯನ್ನು ಮೂಸಿತು. ಆ ಮೇಲೆ ಕೊರಳನ್ನು ಅದಕ್ಕೆ ಒತ್ತಿ, ಕೊಂಬು ತಾಗಿ ಅರಗು ಗೀರುವ ಹಾಗೆ, ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ತಿಕ್ಕತೊಡಗಿತು. ಸಂಜೀವಯ್ಯ ಅದನ್ನು ಓಡಿಸಲಿಲ್ಲ.